ಸ್ವಂತ ಇಚ್ಛೆಯವರು

ಮೇಸ್ತ್ರಿ ನಗುತ್ತಿದ್ದ. ಅಲ್ಲಿಗೇ ತುತ್ತೂರಿಗೆ ಅನುಮಾನ ಬಂತು.

ಚರಂಡಿ ಗ್ಯಾಂಗಿನ ಮೇಸ್ತ್ರಿ ನಕ್ಕದ್ದನ್ನು ಅದುವರೆಗೆ ಹುಟ್ಟಿದ ಯಾವ ಜೀವವೂ ಕಂಡಿರಲಿಲ್ಲ. ಹುಟ್ಟುವಾಗ ಅತ್ತವನು, ಆಮೇಲೆ ಆ ಮುಖ ಬದಲಾಯಿಸುವ ಗೋಜಿಗೇ ಹೋಗದವನು. ಮದುವೆಯ ಫೋಟೋದಲ್ಲೂ ಹಲ್ಲುನೋವಿನವನ ಹಾಗೆ ನಿಂತಿದ್ದಾನೆಂದು ಅವನ ಹೆಂಡತಿಯೇ ಹೇಳಿಕೊಂಡು ತಿರುಗುತ್ತಿದ್ದಳು. ಅಂಥವನು ಬೆಳಗಿನ ಹೊತ್ತಿನಲ್ಲಿ ಸಭಾಭವನದ ನೆಲಮಾಳಿಗೆಗೆ ಇಳಿದು, ಹೊಂಡದ ಅಂಚಿಗೆ ಬಂದು, ಬಾಯಲ್ಲಿದ್ದ ಹಲ್ಲನ್ನೆಲ್ಲ ಹೊರಗಿಟ್ಟು, "ಅಮ್ಮಾ, ಸ್ವಲ್ಪ ಮೇಲೆ ಬರ್ತೀಯಾ?" ಎಂದ.

ಅಮ್ಮಾ. ನಿನ್ನೆ ಸಾಯಂಕಾಲದವರೆಗೆ ಅವಳು "ಏಯ್" ಆಗಿದ್ದಳು.

ತುತ್ತೂರಿ ಎಂಬುದು ಗ್ಯಾಂಗಿನವರು ಇಟ್ಟ ಹೆಸರು. ಅವಳು ಒಂದು ಬೀದಿಯ ಚರಂಡಿಯೊಳಗಿಂದ ಕೂಗಿದರೆ ಆಚೆ ಬೀದಿಯಲ್ಲಿ ಬಸ್ಸು ಬ್ರೇಕ್ ಹಾಕುತ್ತಿತ್ತು. ಮಲಗಿದ್ದ ಮಕ್ಕಳು ಎದ್ದು ಮುಖ ತೊಳೆದುಕೊಂಡು ಸ್ಕೂಲಿಗೆ ಹೊರಟುಬಿಡುತ್ತಿದ್ದವು, ಭಾನುವಾರವಾದರೂ. ಗಂಟಲು ಎಷ್ಟು ದೊಡ್ಡದೋ ಅನುಮಾನ ಅದಕ್ಕಿಂತ ದೊಡ್ಡದು. ಕೊಟ್ಟ ನೀರನ್ನು ಮೂಸಿ ಕುಡಿಯುವಳು. ತನ್ನ ನೆರಳು ಹಿಂದೆ ಬಂದರೂ ಒಮ್ಮೆ ತಿರುಗಿ, ಯಾಕೆ ಬರ್ತಿದೀಯ ಎಂಬಂತೆ ದುರುಗುಟ್ಟಿ ನೋಡುವಳು.

"ಯಾಕೆ?" ಎಂದಳು ಮೇಸ್ತ್ರಿಗೂ.

ಅವಳು ತೊಡೆಮಟ್ಟದ ನೀರಿನಲ್ಲಿ ನಿಂತಿದ್ದಳು. ನೀರು ಎನ್ನುವುದು ಮರ್ಯಾದೆಗೆ. ಮೇಲಿನ ಮಹಡಿಗಳ ಅಷ್ಟೂ ಕಕ್ಕಸುಗಳು ಆ ಹೊಂಡಕ್ಕೇ ಬಂದು ಬೀಳುತ್ತಿದ್ದವು. ಭವನ ತಗ್ಗಿನಲ್ಲಿತ್ತು. ಪಂಪು ಅದನ್ನೆಲ್ಲ ಎತ್ತಿ ರಸ್ತೆಯ ದೊಡ್ಡ ಚರಂಡಿಗೆ ನೂಕಬೇಕು. ಪಂಪಿನ ಬಾಯಿಗೆ ಒಂದು ಕಬ್ಬಿಣದ ಜಾಲರಿ. ಓದಿದವರು ಕಕ್ಕಸಿಗೆ ಏನೇನು ಹಾಕುತ್ತಾರೆಂದು ದೇವರಿಗೂ ಗೊತ್ತಿಲ್ಲ, ಆ ಜಾಲರಿಗೆ ಗೊತ್ತು. ಬಟ್ಟೆ, ಚೀಲ, ಕೂದಲು, ಬ್ಯಾಂಡೇಜು, ಒಮ್ಮೆ ಒಂದು ಟೈ. ಅದನ್ನು ಕೈಹಾಕಿ ಕಿತ್ತು ಬಕೆಟ್ಟಿಗೆ ಹಾಕುತ್ತಲೇ ಇರಬೇಕು. ಬಗ್ಗಬೇಕು. ಕೀಳಬೇಕು. ಎತ್ತಬೇಕು. ಮತ್ತೆ ಬಗ್ಗಬೇಕು. ಕೈಗವಸು ಕೊಟ್ಟಿದ್ದರು. ಅದರ ಬೆರಳುಗಳು ಮೊದಲ ದಿನವೇ ಜಾಲರಿಗೆ ಸಿಕ್ಕಿ ಹರಿದುಹೋದವು. ಕೀಳದೆ ಬಿಟ್ಟರೆ ಪಂಪು ಕೆಮ್ಮಿ ಕೆಮ್ಮಿ ನಿಲ್ಲುತ್ತದೆ. ಆಮೇಲೆ ಇಳಿದು ಬಂದದ್ದೆಲ್ಲ ಇಳಿದ ದಾರಿಯಲ್ಲೇ ಹತ್ತಿಕೊಂಡು ಹೋಗುತ್ತದೆ.

"ಮೇಲೆ ಕುರ್ಚಿ ಖಾಲಿ ಇದಾವೆ," ಎಂದ ಮೇಸ್ತ್ರಿ. "ನೀನು, ನಿನ್ನ ಗ್ಯಾಂಗು, ಎಲ್ಲರೂ ಹೋಗಿ ಕೂತ್ಕೋಬೇಕು. ಅಷ್ಟೇ ಕೆಲಸ."

"ಕೂತ್ಕೊಳ್ಳೋದು ಕೆಲಸಾನಾ?"

"ಮೇಲಿನವರಿಗೆಲ್ಲ ಅದೇ ಕೆಲಸ."

"ಹಾಗಾದ್ರೆ ನಾನು ಮೊದಲು," ಎಂದು ಬಕೆಟ್ಟು ಕೆಳಗಿಟ್ಟ ಗೊರಕೆ. ಅದೂ ಗ್ಯಾಂಗಿನವರು ಇಟ್ಟ ಹೆಸರೇ, ಅವನು ಅವರಲ್ಲಿ ಹಿರಿಯ. ನಿಂತಲ್ಲೇ ನಿದ್ದೆ ಹೊಡೆಯುವ ವಿದ್ಯೆಯಲ್ಲಿ ಮೂರು ಲೋಕದಲ್ಲೂ ಅವನಿಗೆ ಎದುರಿರಲಿಲ್ಲ.

ವಿಷಯ ಇಷ್ಟು. ಮೇಲೆ ದೊಡ್ಡ ಸಮ್ಮೇಳನ ನಡೆಯುತ್ತಿತ್ತು. ದೇಶದೇಶಗಳ ಸರ್ಕಾರಗಳನ್ನು ಪಕ್ಕಪಕ್ಕ ನಿಲ್ಲಿಸಿ, ಯಾವುದು ಏಟು ತಿಂದರೂ ಬೇಗ ಎದ್ದು ನಿಲ್ಲುತ್ತದೆ ಎಂದು ಅಳೆದು ನೋಡುವ ಪಂಡಿತರ ಸಮ್ಮೇಳನ. ತೌಲನಿಕ ಸಾರ್ವಜನಿಕ ಆಡಳಿತ, ಸರ್ಕಾರಗಳ ಚೇತರಿಕೆಯ ಬಲ ಎಂದೆಲ್ಲ ಬಾಗಿಲ ಮೇಲೆ ಕಟ್ಟಿದ್ದ ಬ್ಯಾನರು ಎಷ್ಟು ಉದ್ದವೆಂದರೆ, ಓದಲು ನಿಂತ ಹುಡುಗನಿಗೆ ಕೊನೆಯ ಪದ ಮುಟ್ಟುವ ಹೊತ್ತಿಗೆ ಗಡ್ಡ ಬಂದಿರುತ್ತಿತ್ತು. ಮೊದಲ ದಿನ ಪಂಡಿತರೆಲ್ಲ ಬಂದು ಕೂತರು. ಎರಡನೆಯ ದಿನ ಬೆಳಗ್ಗೆ ವೇದಿಕೆಯ ಮೇಲೆ ಕೂರಲೇಬೇಕಾದ ನಾಲ್ಕು ಜನ ಬಿಟ್ಟು ಉಳಿದವರೆಲ್ಲ ಬಸ್ಸು ಹತ್ತಿ ಊರು ನೋಡಲು ಹೊರಟರು. ಅವತ್ತೇ ಊರಿನ ಪೌರಾಡಳಿತದ ದೊಡ್ಡ ಸಾಹೇಬರ ಭಾಷಣ. ಕ್ಯಾಮೆರಾ ಬಂದಿತ್ತು. ಭಾಷಣ ಟೀವಿಯಲ್ಲಿ ಊರಿಗೆಲ್ಲ ನೇರ ಹೋಗುವುದಿತ್ತು. ಕುರ್ಚಿಗಳು ಬಾಯಿ ತೆರೆದುಕೊಂಡು ಕೂತಿದ್ದವು.

"ಜಾಲರಿ ಹತ್ರ ಯಾರಿರ್ತಾರೆ?" ಎಂದಳು ತುತ್ತೂರಿ.

"ಒಂದು ಗಂಟೆ ಬಿಟ್ರೆ ಆಕಾಶ ಏನೂ ಕಳಚಿ ಬೀಳಲ್ಲ."

"ಆಕಾಶ ಬೀಳಲ್ಲಪ್ಪಾ. ನೆಲ ಏಳುತ್ತೆ."

ಮೇಸ್ತ್ರಿ ಸುತ್ತ ನೋಡಿ ಧ್ವನಿ ತಗ್ಗಿಸಿದ. "ನಿನ್ನ ತಮ್ಮನ ವಿಷಯ ಸಾಹೇಬರ ಕಿವಿಗೆ ಹಾಕಿದ್ದೀನಿ. ಭಾಷಣ ಚೆನ್ನಾಗಿ ನಡೆದ್ರೆ ಇವತ್ತೇ ಆಸ್ಪತ್ರೆಗೆ ಒಂದು ಮಾತು ಹೇಳ್ತಾರೆ. ನಾನು ಕರವಸ್ತ್ರ ಎತ್ತಿದಾಗ ಚಪ್ಪಾಳೆ ತಟ್ಟಬೇಕು. ಇಷ್ಟೂ ಆಗಲ್ವಾ ನಿನ್ನ ಕೈಲಿ?"

ಅವಳು ಬಕೆಟ್ಟಿನ ಹಿಡಿ ಬಿಟ್ಟಳು. ಮೇಸ್ತ್ರಿಗೆ ಗೊತ್ತಿತ್ತು, ಆ ಒಂದು ಮಾತಿಗೆ ಅವಳು ಬಿಡುತ್ತಾಳೆಂದು.

ತಮ್ಮ ಅವಳಿಗೆ ಒಬ್ಬನೇ. ಹಿಂದಿನ ಮಳೆಗಾಲ ಹೊಳೆ ಊರೊಳಗೆ ನುಗ್ಗಿತ್ತು. ಎಂಥ ನೆರೆ ಎಂದರೆ, ಮೀನುಗಳು ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದವು. ನೀರು ಇಳಿದ ಮೇಲೆ ಚರಂಡಿಗಳೆಲ್ಲ ಕಟ್ಟಿಕೊಂಡವು. ಸತ್ತ ದನ, ಮುರಿದ ಬಾಗಿಲು, ಹಾಸಿಗೆ, ಯಾರದೋ ತೊಟ್ಟಿಲು. ಮೇಸ್ತ್ರಿ ಮುಂಜಾನೆ ಇವರ ಸಾಲುಮನೆಗಳ ಮುಂದೆ ನಿಂತು ಕೂಗಿದ್ದ. ಇವತ್ತು ಇಳಿಯದವರು ನಾಳೆಯಿಂದ ಬರೋದೇ ಬೇಡ ಎಂದು. ಎಲ್ಲರೂ ಇಳಿದರು. ತಮ್ಮ ಮಾರ್ಕೆಟ್ಟಿನ ಕೆಳಗಿನ ದೊಡ್ಡ ಕೊಳವೆಗೆ ಇಳಿದ. ಅಲ್ಲಿ ವಿಷದ ಗಾಳಿ ಕೂತಿತ್ತು. ಅವನನ್ನು ಹಗ್ಗ ಕಟ್ಟಿ ಎಳೆದಾಗ ಬಾಯಲ್ಲಿ ನೊರೆ.

ಸಾಯಲಿಲ್ಲ. ಬದುಕಲೂ ಇಲ್ಲ. ಅವತ್ತಿನಿಂದ ಅವನ ಉಸಿರು ತುಕ್ಕು ಹಿಡಿದ ಗರಗಸದ ಹಾಗೆ. ಧರ್ಮಾಸ್ಪತ್ರೆಯ ಮೊಗಸಾಲೆಯಲ್ಲಿ, ಮೆಟ್ಟಿಲ ಕೆಳಗೆ, ಒಂದು ಚಾಪೆಯ ಮೇಲೆ ಹಾಕಿದ್ದರು. ಉಸಿರಾಟದ ಯಂತ್ರ ಇದ್ದದ್ದು ಕಾರ್ಮಿಕರ ಆಸ್ಪತ್ರೆಯಲ್ಲಿ. ಅಲ್ಲಿಯವರು ಹೇಳಿದ್ದು ಒಂದೇ: ಇವನು ನಮ್ಮ ಕೆಲಸದವನು ಎಂದು ನಿಮ್ಮ ಆಫೀಸಿನವರು ಒಂದು ಮಾತು ಹೇಳಲಿ, ಈಗಲೇ ಹಾಸಿಗೆ ಕೊಡ್ತೀವಿ. ಆಫೀಸಿಗೆ ಹೋದರೆ, ನೋಡೋಣ. ಮತ್ತೆ ಹೋದರೆ, ಸಾಹೇಬರು ಮೀಟಿಂಗಿನಲ್ಲಿದಾರೆ. ಮತ್ತೆ ಹೋದರೆ, ನಾಳೆ. ಒಂದೇ ಒಂದು ಮಾತು. ಅದನ್ನು ಹೇಳಲು ಯಾರಿಗೂ ನಾಲಿಗೆ ಹೊರಳಲಿಲ್ಲ. ಯಾಕೆ ಹೊರಳುತ್ತಿಲ್ಲ ಎಂಬುದೇ ಅವಳ ತಲೆ ತಿನ್ನುತ್ತಿದ್ದ ಹುಳ.

ಸಭಾಭವನದ ಹಿತ್ತಿಲಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪೈಪಿನಿಂದ ನೀರು ಬಿಟ್ಟರು. ಕಾರು ತೊಳೆಯುವ ಪೈಪು. ಹೆಂಗಸರು, ಗಂಡಸರು, ಒಂದೇ ಸಾಲು. ಕಾರಿಗಾದರೆ ಆಮೇಲೆ ಬಟ್ಟೆಯಿಂದ ಒರೆಸುತ್ತಿದ್ದರು. ಒದ್ದೆ ಮೈಮೇಲೆ ಅತಿಥಿಗಳಿಗೆಂದು ಹೊಲಿಸಿದ್ದ ಬಿಳಿ ಕೋಟು ಹಾಕಿಸಿದರು. ಎದೆಯ ಮೇಲೆ ನೀರಿನಿಂದ ಮೇಲಕ್ಕೆ ಚಿಮ್ಮುವ ಒಂದು ಚೆಂಡಿನ ಚಿತ್ರ.

"ಇದೇನು, ಕಿತ್ತಳೆ ಹಣ್ಣಾ?" ಎಂದ ಗೊರಕೆ.

"ಸರ್ಕಾರ," ಎಂದ ಮೇಸ್ತ್ರಿ.

ಕುತ್ತಿಗೆಗೆ ಏನೋ ಬರೆದಿದ್ದ ಒಂದು ಪಟ್ಟಿ ನೇತುಹಾಕಿದರು. ಆಮೇಲೆ ಮೇಸ್ತ್ರಿ ಕಕ್ಕಸಿಗೆ ಹೊಡೆಯುವ ಸುವಾಸನೆಯ ಡಬ್ಬಿ ತಂದು, ಮುಖ ಆಚೆ ತಿರುಗಿಸಿಕೊಂಡು, ಸೊಳ್ಳೆಗೆ ಹೊಡೆದ ಹಾಗೆ ಒಬ್ಬೊಬ್ಬರಿಗೂ ಹೊಡೆದ. ಕಂಕುಳಿಗೆ. ಕುತ್ತಿಗೆಗೆ. ತುತ್ತೂರಿಯ ಕಣ್ಣಿಗೂ ಬಿತ್ತು. ಕಣ್ಣು ಉರಿಯಿತು. ಉಜ್ಜಿಕೊಳ್ಳಲಿಲ್ಲ.

"ಕಾಲು ಕುರ್ಚಿ ಕೆಳಗಿರಲಿ. ಬಾಯಿ ಬಿಡಬೇಡಿ. ಯಾರಾದ್ರೂ ಮಾತಾಡಿಸಿದ್ರೆ ತಲೆ ಆಡಿಸಿ."

"ಹೌದು ಅಂತಾನಾ, ಅಲ್ಲ ಅಂತಾನಾ?" ಎಂದಳು ತುತ್ತೂರಿ.

"ಎರಡೂ ಅನ್ನಿಸೋ ಹಾಗೆ. ದೊಡ್ಡವರೆಲ್ಲ ಹಾಗೇ ಆಡಿಸೋದು."

ಸಭಾಂಗಣ ಎಷ್ಟು ಎತ್ತರವೆಂದರೆ ಒಳಗೇ ಮೋಡ ಕಟ್ಟಿ ಮಳೆ ಬರಬಹುದಿತ್ತು. ಕುರ್ಚಿ ಎಷ್ಟು ಮೆತ್ತಗೆಂದರೆ ಕೂತವರನ್ನು ಸೊಂಟದವರೆಗೆ ನುಂಗಿತು. ತುತ್ತೂರಿ ಮೊದಲು ಕೈಯಿಂದ ಒತ್ತಿ ನೋಡಿದಳು. ಆಮೇಲೆ ಅಂಚಿನಲ್ಲಿ ಕೂತಳು. ಇಷ್ಟು ಮೆತ್ತನೆಯದನ್ನು ಯಾರೂ ಸುಮ್ಮನೆ ಕೊಡುವುದಿಲ್ಲ. ಪಕ್ಕದಲ್ಲಿ ಗೊರಕೆ ಒರಗಿದ. ಅವನ ಬೆನ್ನು ಮೆತ್ತೆಗೆ ತಾಗಿದ್ದೂ ನಿದ್ದೆ ಬಂದದ್ದೂ ಒಟ್ಟಿಗೇ. ಅವನ ಗೊರಕೆಗೆ ಮೇಲಿನ ದೀಪದ ಗಾಜುಗಳು ಕಿಣಿಕಿಣಿ ಅಂದವು. ವೇದಿಕೆಯ ಮೇಲೆ ಅಧ್ಯಕ್ಷತೆ ವಹಿಸಿದ್ದ ಬೆಳ್ಳಿಗೂದಲಿನ ಪ್ರೊಫೆಸರಮ್ಮ ಮೇಲಕ್ಕೆ ನೋಡಿದರು, ಎಲ್ಲೋ ಯಂತ್ರ ಕೆಟ್ಟಿದೆಯೆಂದು.

ದೊಡ್ಡ ಸಾಹೇಬರು ಮೈಕು ಕೈಗೆ ತೆಗೆದುಕೊಂಡರು. ಬಿಳಿ ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳು ಬಂದವು. ಒಂದೊಂದು ಗೆರೆ ಒಂದೊಂದು ಸರ್ಕಾರವಂತೆ. ನೆರೆಯೋ ಭೂಕಂಪವೋ ಬಂದಾಗ ಗೆರೆ ಕೆಳಗೆ ಬೀಳುತ್ತದೆ. ಕೆಲವು ಗೆರೆ ಬಿದ್ದಲ್ಲೇ ಉರುಳಾಡುತ್ತವೆ. ನಮ್ಮ ಗೆರೆ ಬಿದ್ದ ಹಾಗೆ ಮಾಡಿ, ಚಂಗನೆ ಮೇಲೆ ಹಾರಿ, ಪರದೆಯಿಂದ ಆಚೆ ಹೋಗುವ ಹಾಗಿತ್ತು.

"ಗಮನಿಸಿ," ಎಂದರು ಸಾಹೇಬರು. "ಬೇರೆ ಸರ್ಕಾರಗಳು ಇಂಥ ಹೊತ್ತಿನಲ್ಲಿ ಸಾವಿರಾರು ಕೆಲಸಗಾರರನ್ನು ಇಳಿಸಬೇಕಾಯಿತು. ಎಷ್ಟೋ ಸಾವು, ಎಷ್ಟೋ ನೋವು. ನಾವು ಒಬ್ಬನೇ ಒಬ್ಬ ಕೆಲಸಗಾರನನ್ನೂ ಕರೆಯಲಿಲ್ಲ. ಹಾಗಾಗಿ ನಮ್ಮಲ್ಲಿ ಒಬ್ಬ ಕೆಲಸಗಾರನಿಗೂ ಒಂದು ಗೀರು ಕೂಡ ಆಗಲಿಲ್ಲ. ನೆರೆ ಇಳಿದ ಆ ಇಡೀ ವಾರ ನಾಗರಿಕರೇ ತಮ್ಮ ಸ್ವಂತ ಇಚ್ಛೆಯಿಂದ, ಹಾಡು ಹೇಳುತ್ತಾ ಚರಂಡಿಗೆ ಇಳಿದರು. ಇವರು ನಮ್ಮ ಸ್ವಯಂಸೇವಕರು."

ಗೊರಕೆಗೆ ಎಚ್ಚರವಾಯಿತು. "ಹಾಡು ಯಾರು ಹೇಳಿದ್ರು?" ಎಂದ ಪಿಸುಮಾತಿನಲ್ಲಿ.

ತುತ್ತೂರಿ ಪರದೆಯ ಕಡೆಗೇ ನೋಡುತ್ತಿದ್ದಳು. ಅದರ ಮೇಲೆ ಅವಳ ತಮ್ಮ ನಿಂತಿದ್ದ.

ಗೋಡೆಯಷ್ಟು ದೊಡ್ಡ ತಮ್ಮ. ಮಾರ್ಕೆಟ್ಟಿನ ಕೊಳವೆಯ ಬಾಯಲ್ಲಿ, ಎದೆಮಟ್ಟದ ಕಪ್ಪು ನೀರಿನಲ್ಲಿ, ಎರಡು ಕೈಯಲ್ಲೂ ಕೆಸರು. ಹಲ್ಲು ಕಾಣುತ್ತಿದ್ದವು.

"ಈ ನಗು ನೋಡಿ," ಎಂದರು ಸಾಹೇಬರು. "ಇದೇ ನಮ್ಮ ಚೇತರಿಕೆಯ ಬಲ."

ಮೇಸ್ತ್ರಿ ಗೋಡೆಯ ಪಕ್ಕದಲ್ಲಿ ನಿಂತು ಕರವಸ್ತ್ರ ಎತ್ತಿದ.

ತುತ್ತೂರಿಗೆ ಎಲ್ಲವೂ ಒಂದೇ ಸಲಕ್ಕೆ ತಿಳಿಯಿತು. ಆಫೀಸಿನವರ ನಾಲಿಗೆ ಯಾಕೆ ಹೊರಳುತ್ತಿರಲಿಲ್ಲ. ಮೇಸ್ತ್ರಿ ಯಾಕೆ ನಕ್ಕ. ಒಬ್ಬ ತಮ್ಮನನ್ನು ಕೆಲಸದವನು ಎಂದರೆ ಆ ಗೆರೆ ಮುರಿದು ಕೆಳಗೆ ಬೀಳುತ್ತದೆ. ಈಗ ಚಪ್ಪಾಳೆ ತಟ್ಟಿದರೆ ಅವನು ನಗುತ್ತಾ ಇಳಿದ ಎಂದು ಅಕ್ಕನೇ ಹೇಳಿದ ಹಾಗೆ. ಊರೆಲ್ಲ ನೋಡುತ್ತಿರುವಾಗ.

ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಳು. ಗೊರಕೆ ಅವಳ ಕೈ ನೋಡಿದ. ತಾನೂ ಇಟ್ಟುಕೊಂಡ. ಆಚೆಯವಳು ಗೊರಕೆಯ ಕೈ ನೋಡಿದಳು. ಹೀಗೆ ಸಾಲು ಸಾಲಿಗೇ ಕೈಗಳು ಕೆಳಗೆ ಹೋದವು. ಮೇಸ್ತ್ರಿ ಕರವಸ್ತ್ರ ಬೀಸಿದ. ರೈಲು ಬಿಡುವವನ ಹಾಗೆ ಬೀಸಿದ. ತೋಳು ಕಳಚಿ ಬೀಳುವ ಹಾಗೆ ಬೀಸಿದ. ಅಷ್ಟು ದೊಡ್ಡ ಸಭಾಂಗಣದಲ್ಲಿ ವೇದಿಕೆಯ ಮೇಲಿನವರ ಚಪ್ಪಾಳೆ ಮಾತ್ರ, ಖಾಲಿ ಡಬ್ಬಿಯಲ್ಲಿ ನಾಲ್ಕು ಕಾಳು ಅಲ್ಲಾಡಿದ ಹಾಗೆ.

ಸಾಹೇಬರು ಕೆಮ್ಮಿದರು. ಪ್ರೊಫೆಸರಮ್ಮ ಕನ್ನಡಕ ತೆಗೆದು ಒರೆಸಿ, "ಸಭಿಕರಿಂದ ಪ್ರಶ್ನೆಗಳು ಇವೆಯೇ?" ಎಂದರು. ಅದು ಅವರ ಪದ್ಧತಿ. ಪ್ರಶ್ನೆ ಇರಬಹುದೆಂದು ಯಾರೂ ಎಣಿಸಿರಲಿಲ್ಲ.

ತುತ್ತೂರಿ ಎದ್ದು ನಿಂತಳು. ಮೈಕು ಹಿಡಿದು ಓಡಿ ಬಂದವನು ಅವಳ ಮೊದಲ ಮಾತಿಗೇ ಮೈಕು ಬಿಟ್ಟು ಕಿವಿ ಮುಚ್ಚಿಕೊಂಡ.

"ಆ ಚಿತ್ರದಲ್ಲಿರೋನು ನನ್ನ ತಮ್ಮ."

"ತಾವು ಯಾವ ಸಂಸ್ಥೆಯಿಂದ ಬಂದಿದ್ದೀರಿ?" ಎಂದರು ಪ್ರೊಫೆಸರಮ್ಮ.

"ಈ ಪಟ್ಟೀಲಿ ಏನು ಬರೆದಿದೆಯೋ ಗೊತ್ತಿಲ್ಲಮ್ಮಾ. ಮೇಸ್ತ್ರಿ ನೇತುಹಾಕಿದ್ದು. ನಾವು ಕೆಳಗಿನ ಹೊಂಡದವರು. ನೀವು ಬೆಳಗ್ಗೆ ಎದ್ದು ಹೋಗಿದ್ದೆಲ್ಲ ನಮ್ಮ ಕೈಗೇ ಬರೋದು." ಆಮೇಲೆ ಸಾಹೇಬರ ಕಡೆ ತಿರುಗಿದಳು. "ಅವನು ನಗ್ತಿಲ್ಲ. ಉಸಿರು ಬಿಗಿ ಹಿಡಿದಾಗ ಹಲ್ಲು ಕಾಣುತ್ತೆ. ನೀವೂ ಒಂದ್ಸಲ ಇಳಿದು ನೋಡಿ, ನಿಮ್ಮವೂ ಕಾಣ್ತವೆ. ಅವನು ಸ್ವಂತ ಇಚ್ಛೆಯಿಂದ ಇಳಿದ ಅಂತ ನಿಮಗೆ ಯಾರು ಹೇಳಿದ್ರು?"

ಸಾಹೇಬರು ಸಾಮಾನ್ಯರಲ್ಲ. ಅವರ ಬಾಯಲ್ಲಿ ಬೆಣ್ಣೆ ಇಟ್ಟರೆ ವರ್ಷವಾದರೂ ಕರಗುತ್ತಿರಲಿಲ್ಲ. "ನೋಡಿ, ಇವರೂ ನಮ್ಮ ಹೆಮ್ಮೆಯ ಸ್ವಯಂಸೇವಕರಲ್ಲಿ ಒಬ್ಬರು," ಎಂದರು ಕ್ಯಾಮೆರಾಕ್ಕೆ. "ಮನಸ್ಸು ತುಂಬಿ ಬಂದಿದೆ."

"ನಾವೆಲ್ಲ ಹಾಗೇನಾ? ಈ ಸಾಲಿನವರೆಲ್ಲ?"

"ಎಲ್ಲರೂ, ತಾಯಿ."

"ನಿಮ್ಮ ಕೆಲಸದವರಲ್ಲ?"

"ಕೆಲಸದವರಿಗಿಂತ ದೊಡ್ಡವರು. ನಿಮಗೆ ಯಾರೂ ಅಪ್ಪಣೆ ಕೊಡುವ ಹಾಗಿಲ್ಲ. ನಿಮ್ಮ ಇಚ್ಛೆಯೇ ನಿಮಗೆ ಅಪ್ಪಣೆ."

"ಹೌದಾ," ಎಂದಳು ತುತ್ತೂರಿ. "ಸರಿ ಹಾಗಾದ್ರೆ." ಕೂತಳು. ಈ ಸಲ ಅಂಚಿನಲ್ಲಲ್ಲ. ಬೆನ್ನು ಒರಗಿಸಿ, ಕುರ್ಚಿ ತುಂಬ.

ಮೇಸ್ತ್ರಿಗೆ ಹೋದ ಜೀವ ಬಂತು. ಅದು ಬಹಳ ಹೊತ್ತು ನಿಲ್ಲಲಿಲ್ಲ.

ಮೊದಲು ಬಂದದ್ದು ವಾಸನೆ. ಅದು ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳಲಿಲ್ಲ. ನೇರ ವೇದಿಕೆ ಹತ್ತಿತು. ಅಲ್ಲಿದ್ದ ಹೂವಿನ ಕುಂಡಗಳು ತಲೆ ಬಾಗಿಸಿದವು. ಒಬ್ಬ ಪಂಡಿತ ಇನ್ನೊಬ್ಬ ಪಂಡಿತನನ್ನು ಅನುಮಾನದಿಂದ ನೋಡಿ ಕುರ್ಚಿ ಸ್ವಲ್ಪ ಆಚೆ ಎಳೆದುಕೊಂಡ. ಆಮೇಲೆ ಕೆಳಗೆಲ್ಲೋ ಪಂಪು ಕೆಮ್ಮಿದ ಸದ್ದು. ಗ್ಯಾಂಗಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಂಪು ನಿಂತಿತು. ವೇದಿಕೆಯ ಪಕ್ಕದಲ್ಲಿದ್ದ ಅತಿಥಿಗಳ ಕಕ್ಕಸಿನ ಬಾಗಿಲ ಕೆಳಗಿಂದ ಕಪ್ಪು ನೀರು ನಾಲಿಗೆ ಚಾಚಿ, ವೇದಿಕೆಗೆ ಹಾಸಿದ್ದ ರತ್ನಗಂಬಳಿಯ ಅಂಚನ್ನು ಮುಟ್ಟಿ ನೋಡಿತು.

ಮೇಸ್ತ್ರಿ ಬಗ್ಗಿಕೊಂಡು ಓಡಿ ಬಂದ. "ಏಳಿ, ಏಳಿ. ಇಳೀರಿ ಕೆಳಗೆ. ಬೇಗ."

"ಇಚ್ಛೆ ಇಲ್ಲ," ಎಂದಳು ತುತ್ತೂರಿ.

"ಏನು?"

"ಸ್ವಂತ ಇಚ್ಛೆಯವರಪ್ಪಾ ನಾವು. ಈಗ ಇಚ್ಛೆ ಆಗ್ತಿಲ್ಲ. ನಿನಗೆ ಆಗ್ತಿದ್ಯೇನೋ ಗೊರಕೆ?"

"ಮಧ್ಯಾಹ್ನದ ಮೇಲೆ ಆದ್ರೂ ಆಗಬಹುದು," ಎಂದ ಗೊರಕೆ, ಆಕಳಿಸುತ್ತಾ. "ಗ್ಯಾರಂಟಿ ಇಲ್ಲ."

ಮೇಸ್ತ್ರಿ ಅವಳ ಕೋಟಿನ ತೋಳು ಹಿಡಿದು ಎಳೆದ. ಅವಳು ಕೂತಲ್ಲೇ ಕೂತಳು. ಬೆನ್ನು ಬಗ್ಗಿಸಿ ಬಗ್ಗಿಸಿ ಗಟ್ಟಿಯಾದ ಮೈ. ಬುಲ್‌ಡೋಜರ್ ತಂದರೂ ಜಗ್ಗುತ್ತಿರಲಿಲ್ಲ. ಕೋಟಿನ ತೋಳು ಹರಿದು ಮೇಸ್ತ್ರಿಯ ಕೈಗೆ ಬಂತು. ಅವನು ಅದನ್ನು ಹಿಡಿದುಕೊಂಡು ಏನು ಮಾಡಬೇಕೆಂದು ತೋಚದೆ ನಿಂತ.

ನೀರು ಮೆಟ್ಟಿಲಿಳಿದು ಮೊದಲ ಸಾಲಿಗೆ ಬಂತು. ದೇಶದೇಶದ ಆಡಳಿತ ಬಲ್ಲವರು ಕುರ್ಚಿಯ ಮೇಲೆ ಕಾಲಿಟ್ಟುಕೊಂಡು, ಪ್ಯಾಂಟು ಎತ್ತಿ ಹಿಡಿದು ಕೂತರು. ಗ್ಯಾಂಗಿನವರ ಬರಿಗಾಲು ಮಾತ್ರ ನೆಲದ ಮೇಲಿತ್ತು. ಅವರಿಗೆ ಅದೇನೂ ಹೊಸದಲ್ಲ.

ಆಗ ಸಾಹೇಬರು ವೇದಿಕೆ ಇಳಿದು ಬಂದರು. ಕೈಯಲ್ಲಿ ಮೈಕು ಹಾಗೇ ಇತ್ತು. ಬೂಟಿನೊಳಗೆ ನೀರು ನುಗ್ಗಿದ್ದೇ ತಡ, ಅಷ್ಟು ಹೊತ್ತು ಬಾಯಲ್ಲಿದ್ದ ಬೆಣ್ಣೆಯೆಲ್ಲ ಒಮ್ಮೆಗೇ ಕರಗಿಹೋಯಿತು.

"ಏಳೇ ಮೇಲೆ," ಎಂದರು. ಮಾತು ಸಭಾಂಗಣದ ನಾಲ್ಕೂ ಮೂಲೆಯಿಂದ ಬಂತು. "ಇಳಿದು ಆ ಹೊಂಡ ಕ್ಲೀನ್ ಮಾಡ್ತೀಯೋ ಇಲ್ವೋ?"

"ತಾಯಿ ಅಂದ್ರಿ ಈಗ ತಾನೇ."

"ಇಳೀತೀಯೋ ಇಲ್ವೋ?"

"ಅಪ್ಪಣೆ ಕೊಡೋ ಹಾಗಿಲ್ಲ ಅಂದ್ರಿ."

"ನಿನ್ನನ್ನ ಕೆಲಸದಿಂದ ತೆಗೆದುಹಾಕ್ತೀನಿ. ಇವತ್ತೇ. ಈಗಲೇ."

ತುತ್ತೂರಿ ನಿಧಾನಕ್ಕೆ ಎದ್ದಳು. ಮೈಯೆಲ್ಲ ಕಿವಿಯಾಗಿತ್ತು. ಇಂಥ ಮಾತು ತಾನಾಗಿ ಬಂದು ಕೈಗೆ ಬಿದ್ದರೆ ಅವಳು ಅದನ್ನೂ ನಂಬುವವಳಲ್ಲ. ತಿರುಗಿಸಿ ನೋಡಬೇಕು.

"ನನ್ನೊಬ್ಬಳನ್ನೇನಾ?"

"ಎ‌ಲ್ಲರನ್ನೂ. ಈ ಇಡೀ ಗ್ಯಾಂಗನ್ನ. ಒಬ್ಬರೂ ನಾಳೆ ಕೆಲಸಕ್ಕೆ ಕಾಲಿಡಬಾರದು."

"ನನ್ನ ತಮ್ಮ ಮಲಗಿದಾನೆ, ಪಾಪ. ಮಾರ್ಕೆಟ್ಟಿನ ಕೊಳವೆಗೆ ನೀವೇ ಇಳಿಸಿದ್ದು. ಅವನ ಕೆಲಸ ಒಂದು ಉಳಿಸಿಕೊಡಿ, ಸ್ವಾಮಿ." ಹೀಗೆ ಬೇಡುವಾಗ ಅವಳ ಗಂಟಲು ಹುಟ್ಟಿದ ಮೇಲೆ ಮೊದಲ ಸಲ ಮೆತ್ತಗಾಗಿತ್ತು. ಗೊರಕೆ ಹೆದರಿ ಅವಳ ಮುಖ ನೋಡಿದ.

"ಅವನನ್ನೂ ತೆಗೆದು ಹಾಕಿದ್ದೀನಿ. ಮಾರ್ಕೆಟ್ಟಿನ ಕೊಳವೆಗೆ ಇಳಿಸಿದವನೂ ನಾನೇ, ಇವತ್ತು ಮನೆಗೆ ಕಳಿಸಿದವನೂ ನಾನೇ. ಇವತ್ತಿನಿಂದ ಅವನು ನನ್ನ ಕೆಲಸದವನಲ್ಲ. ತಿಳೀತಾ?"

"ತಿಳೀತು," ಎಂದಳು ತುತ್ತೂರಿ, ತನ್ನ ಮಾಮೂಲಿ ಗಂಟಲಿನಲ್ಲಿ. "ಇವರಿಗೂ ತಿಳೀತಾ ಕೇಳಿ."

ಸಾಹೇಬರು ಕೈಯಲ್ಲಿದ್ದ ಮೈಕು ನೋಡಿದರು. ಕ್ಯಾಮೆರಾ ನೋಡಿದರು. ಅದರ ಕೆಂಪು ದೀಪ ಉರಿಯುತ್ತಿತ್ತು. ಪ್ರೊಫೆಸರಮ್ಮ ಕುರ್ಚಿಯ ಮೇಲೆ ಕಾಲು ಮಡಚಿಕೊಂಡೇ ಬಹಳ ಮೆಲ್ಲಗೆ ಕೇಳಿದರು: "ಸ್ವಯಂಸೇವಕರನ್ನು ಕೆಲಸದಿಂದ ತೆಗೆಯುವುದು ಹೇಗೆ, ದಯವಿಟ್ಟು ವಿವರಿಸುತ್ತೀರಾ?"

ಗ್ಯಾಂಗು ಆಗಲೇ ಬಾಗಿಲ ಹತ್ತಿರವಿತ್ತು.

ಪ್ರೊಫೆಸರಮ್ಮ ಹಿಂದೆಯೇ ಬಂದರು. ನಾನೂ ಆಸ್ಪತ್ರೆಗೆ ಬರುತ್ತೇನೆ, ಕೇಳಿದ್ದನ್ನು ಹೇಳುತ್ತೇನೆ ಎಂದರು. "ಬನ್ನಿ," ಎಂದಳು ತುತ್ತೂರಿ. "ಮುಂದೆ ನಡೀರಿ. ಹಿಂದೆ ಬಂದ್ರೆ ಎಲ್ಲಿ ತಿರುಗಿಬಿಟ್ರೋ ಗೊತ್ತಾಗಲ್ಲ." ಅವರು ಮುಂದೆಯೇ ನಡೆದರು. ಗೇಟಿನ ಹತ್ತಿರ ಊರು ನೋಡಲು ಹೋದ ಬಸ್ಸು ವಾಪಸ್ ಬಂತು. ಯಾರೋ ಅವರನ್ನು ಹೆಸರು ಹಿಡಿದು ಕರೆದರು. ಒಂದೇ ನಿಮಿಷ ಎಂದು ಬಸ್ಸಿನ ಕಡೆ ಹೋದರು. ತುತ್ತೂರಿ ಒಂದು ನಿಮಿಷ ನಿಂತಳು. ಆಮೇಲೆ ನಿಲ್ಲಲಿಲ್ಲ.

ಗ್ಯಾಂಗಿನದೇ ಹೂಳು ಸಾಗಿಸುವ ಕೈಗಾಡಿ ಇತ್ತು. ತೊಳೆದರು. ಬಿಳಿ ಕೋಟುಗಳನ್ನು ಒಂದರ ಮೇಲೊಂದು ಹಾಸಿದರು. ಧರ್ಮಾಸ್ಪತ್ರೆಯ ಮೆಟ್ಟಿಲ ಕೆಳಗೆ ತಮ್ಮ ಗೋಡೆಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ತುಟಿ ನೀಲಿಯಾಗಿತ್ತು.

"ನಿನ್ನ ಕೆಲಸ ಹೋಯ್ತು ಕಣೋ," ಎಂದಳು ಅಕ್ಕ.

ಅವನು ಕಣ್ಣು ತೆರೆದ. "ಯಾವ... ಕೆಲಸ?"

"ಇತ್ತಂತೆ. ಈಗ ಒಪ್ಪಿಕೊಂಡ್ರು. ಏಳು."

ಮಧ್ಯಾಹ್ನದ ಬಿಸಿಲಿನಲ್ಲಿ ಗಾಡಿ ತಳ್ಳಿಕೊಂಡು ಹೋದರು. ಗಾಡಿಯ ಚಕ್ರದ ಕಿರಲು, ತಮ್ಮನ ಉಸಿರಿನ ಕಿರಲು, ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಚಕ್ರ ನಿಂತಾಗಲೆಲ್ಲ ತುತ್ತೂರಿ ಬಗ್ಗಿ ಕೇಳಿಸಿಕೊಳ್ಳುತ್ತಿದ್ದಳು.

"ಅಕ್ಕಾ, ನಾಳೆ ಏನು ಮಾಡೋಣ?" ಎಂದ ಗೊರಕೆ. ಅವಳಿಗಿಂತ ಎಷ್ಟೋ ದೊಡ್ಡವನು, ಅವತ್ತು ಅಕ್ಕಾ ಎಂದ.

"ಹೊಂಡ ಅಲ್ಲೇ ಇರುತ್ತೆ. ಇಳಿಯೋರು ನಾವೇ ಇರೋದು. ಅವರು ಬಂದು ಕರೀಲಿ. ಏನಂತ ಕರೀತಾರೋ ಕೇಳಿಕೊಂಡು ಆಮೇಲೆ ಮಾತು."

ಕಾರ್ಮಿಕರ ಆಸ್ಪತ್ರೆಯ ಕಿಟಕಿಯಲ್ಲಿ ಗುಮಾಸ್ತ ಕೂತಿದ್ದ. ಅವನೂ ನೋಡಿದ್ದ. ಊರೇ ನೋಡಿತ್ತು, ಹುಟ್ಟುಕುರುಡರೂ ನೋಡಿದ್ದೇವೆ ಎನ್ನುತ್ತಿದ್ದರು.

"ನೋಡಿದೆನಮ್ಮಾ," ಎಂದ. "ತೆಗೆದುಹಾಕಿದ್ರಲ್ಲ. ಕೆಲಸದಲ್ಲಿ ಇಲ್ಲದವರಿಗೆ ಇಲ್ಲಿ ಹಾಸಿಗೆ ಇಲ್ಲ."

ತುತ್ತೂರಿಗೆ ಆಶ್ಚರ್ಯವಾಗಲಿಲ್ಲ. ಇಂಥದ್ದೊಂದು ಇರುತ್ತದೆ ಎಂದು ಅವಳಿಗೆ ದಾರಿಯುದ್ದಕ್ಕೂ ಗೊತ್ತಿತ್ತು.

"ಬೆಳಗ್ಗೆ ತನಕ ಇಚ್ಛೆಯವನು. ಈಗ ತೆಗೆದವನು. ನಡುವೆ ಯಾವಾಗ ಕೆಲಸದವನಾಗಿದ್ದ, ನೀನೇ ಹೇಳು."

"ಅದು ನನಗೆ ಹೇಗೆ ಗೊತ್ತು?"

"ಕೊಳವೆಗೆ ಇಳಿಸಿದಾಗ. ಆಗ ತಾನೇ ವಿಷದ ಗಾಳಿ ಕುಡಿದದ್ದು. ಇಳಿಸಿದವನು ನಾನೇ ಅಂದ್ರಲ್ಲ, ನೀನೂ ಕೇಳಿದೀಯ."

"ನೀವು ನಾಳೆ ಬನ್ನಿ."

ನಾಳೆ. ಅವಳು ಕಿಟಕಿ ಬಿಟ್ಟಳು. ಗಾಡಿಯ ಹಿಡಿ ಹಿಡಿದಳು. ಬಾಗಿಲು ತಳ್ಳಿದಳು. ಗಾಡಿ ಒಳಗೆ ಹೋಯಿತು. ಕಾವಲಿನವನು ಕೋಲು ಅಡ್ಡ ಹಿಡಿಯಲು ಬಂದವನು, ಗಾಡಿ ಯಾವುದೆಂದು ಕಂಡು ಗೋಡೆಗೆ ಅಂಟಿಕೊಂಡ. ವಾರ್ಡಿನಲ್ಲಿ ಯಂತ್ರದ ಪಕ್ಕ ಒಂದು ಹಾಸಿಗೆ ಖಾಲಿ ಇತ್ತು. ಬಿಳಿ ಬಟ್ಟೆ, ಮಡಚಿಟ್ಟ ಹೊದಿಕೆ. ಎಷ್ಟು ದಿನದಿಂದ ಖಾಲಿ ಇತ್ತೋ. ಅವಳು ತಲೆ ಕಡೆ, ಗೊರಕೆ ಕಾಲ ಕಡೆ, ಎತ್ತಿ ದಿಂಬಿಗೆ ಒರಗಿಸಿ ಕೂರಿಸಿದರು.

ಗುಮಾಸ್ತ ಓಡಿ ಬಂದ. ಹಿಂದೆ ವಾರ್ಡಿನ ಇಬ್ಬರು ಆಳುಗಳು.

"ಇಳಿಸ್ರೋ ಅವನನ್ನ."

ಆಳುಗಳು ಹಾಸಿಗೆಯ ಹತ್ತಿರ ಬಂದರು. ತಮ್ಮನ ಕೈಕಾಲು ನೋಡಿದರು. ಉಗುರುಗಳೊಳಗೆ ತಿಂಗಳುಗಳಾದರೂ ಹೋಗದ ಕಪ್ಪು. ಒಬ್ಬ ಇನ್ನೊಬ್ಬನ ಮುಖ ನೋಡಿದ.

"ಇಳಿಸಿ," ಎಂದಳು ತುತ್ತೂರಿ. "ತೋಳಿನ ಕೆಳಗೆ ಕೈ ಹಾಕಿ. ಎದೆಗೆ ಒತ್ತಿಕೊಳ್ಳಿ. ಹಾಗೇ ಎತ್ತಬೇಕು. ನಮ್ಮನ್ನ ಇಲ್ಲಿವರೆಗೆ ಒಬ್ಬರೂ ಮುಟ್ಟಿಲ್ಲ. ನೀವಾದ್ರೂ ಮುಟ್ಟಿ."

ಯಾರೂ ಮುಂದೆ ಬರಲಿಲ್ಲ. ಗುಮಾಸ್ತನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು.

ಆಚೆ ಮಂಚದಿಂದ ವಯಸ್ಸಾದ ನರ್ಸಮ್ಮ ಒಬ್ಬರು ಕೆಲಸ ಮುಗಿಸಿ ಬಂದರು. ಮುಖ ಗಂಟಿಕ್ಕಿಕೊಂಡಿತ್ತು. "ಜಗಳ ಹೊರಗೆ ಆಡಿ," ಎಂದರು, ಯಾರನ್ನೂ ನೋಡದೆ. ತಮ್ಮನ ಮಣಿಕಟ್ಟು ಹಿಡಿದರು. ಸುಮ್ಮನೆ ಹಿಡಿದರು, ಕೈಗವಸಿಲ್ಲದ ಕೈಯಲ್ಲಿ. ಯಂತ್ರದ ಕೀಲಿ ತಿರುಗಿಸಿದರು. ಕೊಳವೆಯ ತುದಿಯ ಮುಖವಾಡವನ್ನು ಅವನ ಮೂಗಿನ ಹತ್ತಿರ ತಂದರು.

ತುತ್ತೂರಿ ಅವರ ಕೈ ತಡೆದಳು.

"ತಾಳಿ."

ಮುಖವಾಡವನ್ನು ತೆಗೆದುಕೊಂಡು ಮೊದಲು ತನ್ನ ಮೂಗಿಗೆ ಹಿಡಿದಳು. ಕಣ್ಣು ಮುಚ್ಚಿ ಎಳೆದಳು. ಗಾಳಿ ಬರುತ್ತಿತ್ತು. ತಣ್ಣಗಿತ್ತು. ಯಾವ ವಾಸನೆಯೂ ಇರಲಿಲ್ಲ. ಮತ್ತೊಮ್ಮೆ ಎಳೆದಳು. ಆಮೇಲೆ ತಮ್ಮನ ಮುಖಕ್ಕೆ ಇಟ್ಟು, ಪಟ್ಟಿಯನ್ನು ಅವನ ತಲೆಯ ಹಿಂದೆ ತಾನೇ ಬಿಗಿದಳು.

"ನಾನು ಇಲ್ಲೇ ನಿಂತಿರ್ತೀನಿ," ಎಂದಳು. ಯಂತ್ರದ ಕೀಲಿಯ ಮೇಲೆ ಕೈ ಇಟ್ಟುಕೊಂಡು ನಿಂತಳು.